ಸ್ಕೋರ್ ಕಳಿಸದೆ ಅರ್ಲಿ ಅಪ್ಲಿಕೇಶನ್: ಹೈಸ್ಕೂಲ್ ಮಕ್ಕಳ ಜೊತೆ ಅಮೆರಿಕಕ್ಕೆ ಬಂದವರಿಗೆ

ಹೈಸ್ಕೂಲ್ ಓದುವ ಮಕ್ಕಳನ್ನು ಕರೆದುಕೊಂಡು ಅಮೆರಿಕಕ್ಕೆ ಬಂದ ನಮ್ಮವರು ಕನ್ನಡ ಕೂಟದ ಊಟದ ಸಾಲಿನಲ್ಲಿ ಸಿಕ್ಕರೆ ಈಗೀಗ ಕೇಳುವುದು ಒಂದೇ ಮಾತು. "ಎಸ್‌ಎಟಿ ಬೇಡವಂತೆ, ಹೌದಾ? ನವೆಂಬರಿನಲ್ಲೇ ಅಪ್ಲಿಕೇಶನ್ ಹಾಕಿಬಿಟ್ಟರೆ ಸೀಟು ಸಲೀಸಾಗಿ ಸಿಗುತ್ತಂತೆ?" ಎಸ್‌ಎಟಿ ಅಂದರೆ ಕಾಲೇಜು ಪ್ರವೇಶಕ್ಕೆಂದು ಇಲ್ಲಿ ಬರೆಯುವ ಗಣಿತ, ಇಂಗ್ಲಿಷಿನ ಪರೀಕ್ಷೆ. ಎರಡು ಮಾತೂ ಅರ್ಧ ನಿಜ. ಆದರೆ ಎರಡೂ ಬೇರೆ ಬೇರೆ ವಿಷಯ. ಸ್ಕೋರ್ ಕಳಿಸಬೇಕೋ ಬೇಡವೋ ಎಂದು ನಿರ್ಧರಿಸಲು ಮಗುವಿನ ಫೈಲ್ ನೋಡಬೇಕು. ಬೇಗ, ಅಂದರೆ ಅರ್ಲಿ ರೌಂಡಿನಲ್ಲಿ, ಹಾಕಬೇಕೋ ಬೇಡವೋ ಎಂದು ನಿರ್ಧರಿಸಲು ಮೊದಲು ಮನೆಯ ದುಡ್ಡಿನ ಲೆಕ್ಕ ನೋಡಬೇಕು. ಎರಡನ್ನೂ ಒಂದೇ ಸಲ ಕಲಸಿಕೊಂಡು ಕೂತವರೇ ಜಾಸ್ತಿ ಒದ್ದಾಡುವುದು.

ನಾವು ಬಂದಿರುವುದು ರ‍್ಯಾಂಕ್ ನೋಡಿ ಸೀಟು ಕೊಡುವ ಊರಿನಿಂದ. ಕರ್ನಾಟಕದಲ್ಲಿ ಎಂಜಿನಿಯರಿಂಗ್‌ಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಪಿಸಿಎಂ ಅಂಕ ಅರ್ಧ, ಎರಡೂ ಸೇರಿ ರ‍್ಯಾಂಕು. ಇಲ್ಲಿ ಅಂಥ ಪಟ್ಟಿಯೇ ಇಲ್ಲ. ಮಗುವಿನ ಫೈಲನ್ನು ಯಾರೋ ಕೂತು ಓದುತ್ತಾರೆ. ಟೆಸ್ಟ್ ಸ್ಕೋರ್ ಆ ಫೈಲಿನ ಒಂದು ಹಾಳೆ. ಅದನ್ನು ತೆಗೆದಿಟ್ಟರೆ ಅದರ ಭಾರವೆಲ್ಲ ಉಳಿದ ಹಾಳೆಗಳ ಮೇಲೆ ಬೀಳುತ್ತದೆ. ಉಳಿದ ಹಾಳೆಗಳು ಗಟ್ಟಿ ಇದ್ದರೆ ಸರಿ. ಇಲ್ಲದಿದ್ದರೆ "ಆಪ್ಷನಲ್" ಅನ್ನುವ ಮಾತು ನಿಮಗೇನೂ ಉಪಕಾರ ಮಾಡುವುದಿಲ್ಲ.

ಯಾರು ಕೇಳುತ್ತಾರೆ, ಯಾರು ಕೇಳುವುದಿಲ್ಲ

ಟೆಸ್ಟ್ ಆಪ್ಷನಲ್, ಅಂದರೆ ಸ್ಕೋರ್ ಕಳಿಸುವುದು ಬಿಡುವುದು ಮಗುವಿನ ಇಷ್ಟ ಅನ್ನುವ ನೀತಿ, ಕೋವಿಡ್ ಕಾಲದಲ್ಲಿ ಹುಟ್ಟಿದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಮೇನ್ ರಾಜ್ಯದ ಬೌಡಿನ್ ಕಾಲೇಜು 1969ರಲ್ಲೇ ಟೆಸ್ಟ್ ಆಪ್ಷನಲ್ ಆಗಿತ್ತು. ಶಿಕಾಗೋ ವಿಶ್ವವಿದ್ಯಾಲಯ 2018ರಲ್ಲಿ ಆಯಿತು. 2020ರಲ್ಲಿ ಪರೀಕ್ಷಾ ಕೇಂದ್ರಗಳೇ ಮುಚ್ಚಿಹೋದಾಗ ಉಳಿದವರಲ್ಲಿ ಹೆಚ್ಚಿನವರು ಸಾಲಾಗಿ ಬಂದರು. ಆಮೇಲೆ ಗಾಳಿ ತಿರುಗಿತು. ಎಂಐಟಿ 2022ರಲ್ಲಿ ಮತ್ತೆ ಸ್ಕೋರ್ ಕೇಳಲು ಶುರು ಮಾಡಿತು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್, ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ ಒಂದರ ಹಿಂದೆ ಒಂದು ಅದೇ ಘೋಷಣೆ ಮಾಡಿದವು. ಯೇಲ್ ಸ್ವಲ್ಪ ಸಡಿಲ. ಎಸ್‌ಎಟಿ ಅಥವಾ ಅದರಂಥದೇ ಎಸಿಟಿ ಬದಲು ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಇಲ್ಲವೇ ಐಬಿ (ಒಂದು ಅಂತರರಾಷ್ಟ್ರೀಯ ಪಠ್ಯಕ್ರಮ) ಪರೀಕ್ಷೆಯ ಅಂಕ ಕೊಟ್ಟರೂ ನಡೆಯುತ್ತದೆ ಅಂದಿತು. ಕೊಲಂಬಿಯಾ ಉಲ್ಟಾ ದಾರಿ ಹಿಡಿದು 2023ರಲ್ಲಿ ಟೆಸ್ಟ್ ಆಪ್ಷನಲ್ ನೀತಿಯನ್ನು ಕಾಯಂ ಮಾಡಿತು. ಕ್ಯಾಲಿಫೋರ್ನಿಯಾದ ಯುಸಿ ಕಾಲೇಜುಗಳದ್ದು ಮೂರನೇ ದಾರಿ. ನೀವು ಕಳಿಸಿದರೂ ಪ್ರವೇಶಕ್ಕೆ ಅವರು ನೋಡುವುದಿಲ್ಲ. ಅಲ್ಲಿ ಅರ್ಲಿ ರೌಂಡೂ ಇಲ್ಲ.

ಹಾಗಾಗಿ ಎರಡು ವರ್ಷದ ಹಿಂದೆ ಪಕ್ಕದ ಮನೆಯ ಹುಡುಗನಿಗೆ ಏನಾಯಿತು ಅನ್ನುವುದು ಕೇಳಲು ಚೆಂದ, ಅಷ್ಟೇ. ನೀವು ಹಾಕುವ ವರ್ಷದ ನಿಯಮವನ್ನು ಕಾಲೇಜಿನ ಅಡ್ಮಿಷನ್ ಪುಟದಲ್ಲೇ ಓದಿ. ಓದುವಾಗ ಇನ್ನೊಂದು ಸಾಲನ್ನೂ ಹುಡುಕಿ. ಪ್ರವೇಶಕ್ಕೆ ಸ್ಕೋರ್ ಬೇಡ ಅನ್ನುವ ಕೆಲವು ಕಾಲೇಜುಗಳು ಸ್ಕಾಲರ್‌ಶಿಪ್‌ಗೋ ಯಾವುದೋ ಒಂದು ಕೋರ್ಸಿಗೋ ಕೇಳುತ್ತವೆ. ಟೋಫೆಲ್, ಐಇಎಲ್‌ಟಿಎಸ್, ಡ್ಯುಯೊಲಿಂಗೊ ಇವು ಬೇರೆ ಲೆಕ್ಕ. ಮಗು ಇಲ್ಲಿನ ಹೈಸ್ಕೂಲಿನಲ್ಲಿ ಒಂದೆರಡು ವರ್ಷ ಮಾತ್ರ ಓದಿದ್ದರೆ ಇಂಗ್ಲಿಷ್ ಪರೀಕ್ಷೆ ಕೇಳುವ ಕಾಲೇಜುಗಳಿವೆ. ಟೆಸ್ಟ್ ಆಪ್ಷನಲ್ ಅನ್ನುವುದು ಇದಕ್ಕೆ ಅನ್ವಯಿಸುವುದಿಲ್ಲ.

ಮೊದಲು ದುಡ್ಡಿನ ಮಾತು

ಅರ್ಲಿಯಲ್ಲಿ ಎರಡು ಜಾತಿ. ಅರ್ಲಿ ಆಕ್ಷನ್ ಅಂದರೆ ಬೇಗ ಹಾಕಿ, ಬೇಗ ಉತ್ತರ ಪಡೆದು, ಮೇ 1ರ ತನಕ ಯೋಚಿಸಬಹುದು. ಕಟ್ಟುಪಾಡಿಲ್ಲ. ನ್ಯೂಜೆರ್ಸಿಯ ರಟ್‌ಗರ್ಸ್‌ನಂಥ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಇದು ಸಾಮಾನ್ಯ. ಸುಮ್ನೆ ಹಾಕಿ, ಹೋಗುವುದೇನೂ ಇಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳಲ್ಲಿ ಮಾತ್ರ ಇದಕ್ಕೊಂದು ಬಾಲವಿದೆ: ಇಲ್ಲಿ ಅರ್ಲಿ ಹಾಕಿದರೆ ಬೇರೆ ಖಾಸಗಿ ಕಾಲೇಜುಗಳಿಗೆ ಅರ್ಲಿ ಹಾಕುವಂತಿಲ್ಲ.

ಅರ್ಲಿ ಡಿಸಿಷನ್ ಹಾಗಲ್ಲ. ಒಂದೇ ಕಾಲೇಜಿಗೆ ಹಾಕಬೇಕು, ಸಿಕ್ಕರೆ ಹೋಗಲೇಬೇಕು, ಉಳಿದ ಅಪ್ಲಿಕೇಶನ್‌ಗಳನ್ನೆಲ್ಲ ವಾಪಸ್ ತೆಗೆಯಬೇಕು. ಕಾಮನ್ ಆ್ಯಪ್‌ನಲ್ಲಿ (ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ವೆಬ್‌ಸೈಟು) ಇದಕ್ಕೆ ಒಂದು ಒಪ್ಪಂದ ಇರುತ್ತದೆ. ಅದಕ್ಕೆ ಮೂರು ಸಹಿ: ಮಗುವಿನದು, ಅಪ್ಪ ಅಥವಾ ಅಮ್ಮನದು, ಶಾಲೆಯ ಕೌನ್ಸೆಲರ್‌ದು. ನಮ್ಮವರು ಇದನ್ನು ಫೋನಿನ ಆ್ಯಪ್ ಹಾಕುವಾಗ "ಐ ಅಗ್ರೀ" ಒತ್ತುವ ಹಾಗೆ ಒತ್ತಿಬಿಡುತ್ತಾರೆ. ದಯವಿಟ್ಟು ಕೂತು ಓದಿ. ಅದರಲ್ಲಿ ಒಂದು ಮುಖ್ಯ ವಾಕ್ಯವಿದೆ. ಹಣಕಾಸಿನ ನೆರವಿಗೆ ಅರ್ಜಿ ಹಾಕಿದ ವಿದ್ಯಾರ್ಥಿಗೆ ಓದಲು ಸಾಕಾಗುವಷ್ಟು ನೆರವು ಬರದಿದ್ದರೆ ಒಪ್ಪಂದದಿಂದ ಹೊರಗೆ ಬರಬಹುದು. ಇಲ್ಲಿ "ಅರ್ಜಿ ಹಾಕಿದ" ಅನ್ನುವುದು ಮುಖ್ಯ. ನೆರವು ಕೇಳದೆ ಹಾಕಿ, ಸೀಟು ಬಂದ ಮೇಲೆ "ಅಯ್ಯೋ, ಇಷ್ಟೊಂದಾ" ಅಂದರೆ ಆ ಬಾಗಿಲು ನಿಮಗಿಲ್ಲ.

ವರ್ಷಕ್ಕೆ ಎಲ್ಲ ಸೇರಿ 90 ಸಾವಿರ ಡಾಲರ್ ದಾಟಿದ ಖಾಸಗಿ ಕಾಲೇಜುಗಳು ಈಗ ಹಲವಿವೆ. ನಾಲ್ಕರಿಂದ ಗುಣಿಸಿ ನೋಡಿ, ನಿದ್ದೆ ಹಾರುತ್ತದೆ. ಆದ್ದರಿಂದ ಸೆಪ್ಟೆಂಬರ್ ಒಳಗೆ ನೆರವು ಕಳೆದು ನಿಮಗೆ ಬೀಳುವ ಖರ್ಚನ್ನು ಅಂದಾಜು ಮಾಡಿಕೊಡುವ ಆ ಕಾಲೇಜಿನ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್‌ನಲ್ಲಿ ನಿಮ್ಮ ಮನೆಯ ಅಂಕಿಅಂಶ ಹಾಕಿ ನೋಡಿ. ಕಾಲೇಜುಗಳ ವೆಬ್‌ಸೈಟಿನಲ್ಲಿ ಇದು ಇರುತ್ತದೆ, ಕಾನೂನೇ ಇಡಿಸಿದೆ. ಊರಿನ ಆಸ್ತಿಯನ್ನೂ ಮರೆಯಬೇಡಿ. ನೂರಾರು ಖಾಸಗಿ ಕಾಲೇಜುಗಳು ಕೇಳುವ ಸಿಎಸ್‌ಎಸ್ ಪ್ರೊಫೈಲ್ ಎಂಬ ಫಾರ್ಮಿನಲ್ಲಿ ನೀವಿರುವ ಮನೆ ಬಿಟ್ಟು ಬೇರೆ ಆಸ್ತಿ ಏನಿದೆ ಅಂತ ಕೇಳುತ್ತಾರೆ. ಬೆಂಗಳೂರಿನಲ್ಲಿ ತೆಗೆದಿಟ್ಟ ಸೈಟು, ಮೈಸೂರಿನಲ್ಲಿ ಬಾಡಿಗೆಗೆ ಕೊಟ್ಟ ಮನೆ, ಎರಡೂ ಲೆಕ್ಕಕ್ಕೆ ಬರುತ್ತವೆ. ಕ್ಯಾಲ್ಕ್ಯುಲೇಟರ್‌ಗೆ ಸೈಟಿನ ಬೆಲೆ ಹಾಕದೆ ಬಂದ ಮೊತ್ತ ನೋಡಿ ಖುಷಿಪಟ್ಟರೆ ಡಿಸೆಂಬರಿನಲ್ಲಿ ನಿಜ ಗೊತ್ತಾಗುತ್ತದೆ.

ವೀಸಾದ ಮೇಲೆ ಇರುವವರಿಗೆ ಇನ್ನೊಂದು ಗಂಟು. ಎಚ್-4ನಲ್ಲಿರುವ (ಎಚ್-1ಬಿ ಮೇಲೆ ಕೆಲಸ ಮಾಡುವವರ ಜೊತೆ ಬಂದ) ಮಕ್ಕಳಿಗೆ ಫಾಫ್ಸಾ ಎಂಬ ನೆರವಿನ ಅರ್ಜಿಯ ಮೂಲಕ ಬರುವ ಕೇಂದ್ರ ಸರ್ಕಾರದ ನೆರವು ಸಿಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಸಿಗಬಹುದು. ಎಷ್ಟೋ ಖಾಸಗಿ ಕಾಲೇಜುಗಳು ನೆರವಿನ ವಿಷಯ ಬಂದಾಗ ಎಚ್-4 ಮಕ್ಕಳನ್ನು ವಿದೇಶಿ ವಿದ್ಯಾರ್ಥಿಗಳ ಸಾಲಿಗೆ ಸೇರಿಸುತ್ತವೆ. ಆ ಸಾಲಿನಲ್ಲಿ ನೆರವು ಕೇಳಿದರೆ ಅದು ಪ್ರವೇಶದ ಮೇಲೂ ಪರಿಣಾಮ ಬೀರಬಹುದು. ಈಗ ಕೇಳದೆ ಮುಂದಿನ ವರ್ಷ ಕೇಳುತ್ತೇವೆ ಅಂದರೆ ಒಪ್ಪದ ಕಾಲೇಜುಗಳೂ ಇವೆ. ಮಗುವಿಗೆ 21 ತುಂಬಿದರೆ ಎಚ್-4 ಮುಗಿಯುತ್ತದೆ, ಅದರೊಳಗೆ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕು. ಹೆಚ್ಚಿನವರಿಗೆ ಅದು ಕಾಲೇಜಿನ ನಡುವೆಯೇ ಬರುತ್ತದೆ. ಇದನ್ನೆಲ್ಲ ಆ ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿಗೆ ಮೇಲ್ ಹಾಕಿ ಬರಹದಲ್ಲೇ ಕೇಳಿ. ಕೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಬೇರೆ ಬೇರೆ ಕಾಲೇಜುಗಳ ಸ್ಕಾಲರ್‌ಶಿಪ್ ಹೋಲಿಸಿ ನೋಡಲೇಬೇಕಾದ ಮನೆಯವರು ಅರ್ಲಿ ಡಿಸಿಷನ್ ತಂಟೆಗೆ ಹೋಗಬಾರದು. ಅರ್ಲಿ ಆಕ್ಷನ್ ಸಾಕು. ಅರ್ಲಿ ಡಿಸಿಷನ್‌ನಲ್ಲಿ ಸೀಟು ಸಿಗುವ ಪ್ರಮಾಣ ಜಾಸ್ತಿ ಕಾಣುವುದು ನಿಜ. ಆದರೆ ಆ ಲೆಕ್ಕದಲ್ಲಿ ಆಟಕ್ಕೆಂದೇ ಮೊದಲೇ ಆರಿಸಿಕೊಂಡ ಮಕ್ಕಳು, ಅಪ್ಪ ಅಮ್ಮ ಅಲ್ಲೇ ಓದಿದ ಮಕ್ಕಳು, ಎಲ್ಲರೂ ಸೇರಿದ್ದಾರೆ. ನಿಮ್ಮ ಮಗುವಿಗೆ ಸಿಗುವ ಅನುಕೂಲ ಕಾಗದದಲ್ಲಿ ಕಾಣುವಷ್ಟು ಇರುವುದಿಲ್ಲ.

ಸ್ಕೋರ್ ಇಟ್ಟುಕೊಳ್ಳಬೇಕಾ, ಕಳಿಸಬೇಕಾ

ಇದಕ್ಕೆ ಊಹೆ ಬೇಡ. ಕಾಲೇಜಿನ ಹೆಸರಿನ ಜೊತೆ "ಕಾಮನ್ ಡೇಟಾ ಸೆಟ್" ಅಂತ ಹುಡುಕಿ. ಹೆಚ್ಚಿನ ಕಾಲೇಜುಗಳು ಪ್ರತಿ ವರ್ಷ ಹಾಕುವ ಒಂದು ಉದ್ದದ ಪಿಡಿಎಫ್ ಸಿಗುತ್ತದೆ. ಅದರಲ್ಲಿ ಸಿ9 ಅನ್ನುವ ಭಾಗಕ್ಕೆ ಹೋಗಿ. ಸೇರಿದ ಮಕ್ಕಳಲ್ಲಿ ನೂರಕ್ಕೆ ಎಷ್ಟು ಜನ ಎಸ್‌ಎಟಿ ಕೊಟ್ಟರು, ಎಷ್ಟು ಜನ ಎಸಿಟಿ ಕೊಟ್ಟರು, ಕೊಟ್ಟವರ ಅಂಕ ಯಾವ ಮಟ್ಟದಲ್ಲಿದೆ ಎಲ್ಲ ಅಲ್ಲಿದೆ. ಸಿ7ರಲ್ಲಿ ಆ ಕಾಲೇಜು ಯಾವುದಕ್ಕೆ ಎಷ್ಟು ತೂಕ ಕೊಡುತ್ತದೆ ಅಂತ ಇರುತ್ತದೆ. ಸಿ21ರಲ್ಲಿ ಅರ್ಲಿ ಡಿಸಿಷನ್‌ಗೆ ಎಷ್ಟು ಜನ ಹಾಕಿದರು, ಎಷ್ಟು ಜನಕ್ಕೆ ಸಿಕ್ಕಿತು ಅಂತ ಇರುತ್ತದೆ. ಸಾವಿರಾರು ಡಾಲರ್ ತೆಗೆದುಕೊಳ್ಳುವ ಖಾಸಗಿ ಸಲಹೆಗಾರರು ನೋಡುವುದೂ ಇದನ್ನೇ.

ಆದರೆ ಓದುವಾಗ ಒಂದು ಎಚ್ಚರ ಇರಲಿ. ಟೆಸ್ಟ್ ಆಪ್ಷನಲ್ ಆದಮೇಲೆ ಒಳ್ಳೆಯ ಅಂಕ ಬಂದವರೇ ಕಳಿಸುತ್ತಾರೆ. ಆದ್ದರಿಂದ ಆ ಪಟ್ಟಿಯ ಅಂಕಗಳು ಉಬ್ಬಿಕೊಂಡಿರುತ್ತವೆ. 1450ರಿಂದ 1540 ಅಂತ ಇದ್ದು, ಮೂರನೇ ಒಂದು ಭಾಗ ಮಕ್ಕಳು ಮಾತ್ರ ಸ್ಕೋರ್ ಕೊಟ್ಟಿದ್ದರೆ, 1430 ಬಂದ ಮಗು ಹೆದರಬೇಕಿಲ್ಲ. ಅಲ್ಲಿ ಸೇರಿದ ಹೆಚ್ಚಿನವರು ಸ್ಕೋರೇ ಇಲ್ಲದೆ ಒಳಗೆ ಹೋಗಿದ್ದಾರೆ. ನೂರಕ್ಕೆ ಎಪ್ಪತ್ತು ಜನ ಕೊಟ್ಟಿದ್ದರೆ ಕಥೆ ಬೇರೆ. ಅಲ್ಲಿ ಖಾಲಿ ಬಿಟ್ಟ ಜಾಗ ಎದ್ದು ಕಾಣುತ್ತದೆ.

ಶಾಲೆಯೂ ಲೆಕ್ಕಕ್ಕೆ ಬರುತ್ತದೆ. ಕೌನ್ಸೆಲರ್ ಪ್ರತಿ ಅಪ್ಲಿಕೇಶನ್ ಜೊತೆ ಸ್ಕೂಲ್ ಪ್ರೊಫೈಲ್ ಅಂತ ಒಂದೆರಡು ಪುಟ ಕಳಿಸುತ್ತಾರೆ. ಆ ಶಾಲೆಯಲ್ಲಿ ಏನೇನು ಕಲಿಸುತ್ತಾರೆ, ಎಷ್ಟು ಎಪಿ ಕೋರ್ಸುಗಳಿವೆ, ಹಲವು ಕಡೆ ಮಕ್ಕಳ ಸರಾಸರಿ ಎಸ್‌ಎಟಿ ಎಷ್ಟು ಅನ್ನುವುದೂ ಅದರಲ್ಲಿ ಇರುತ್ತದೆ. ಸರಾಸರಿ 1050 ಇರುವ ಶಾಲೆಯಿಂದ ಬಂದ 1400 ಒಂದು ತರಹ. ನಮ್ಮವರೇ ತುಂಬಿರುವ ಎಡಿಸನ್ ಕಡೆಯ, ಕ್ಯುಪರ್ಟಿನೊ ಕಡೆಯ ಶಾಲೆಯಿಂದ ಬಂದ 1400 ಇನ್ನೊಂದು ತರಹ. ಡಾರ್ಟ್‌ಮತ್ 2024ರಲ್ಲಿ ಮತ್ತೆ ಸ್ಕೋರ್ ಕಡ್ಡಾಯ ಮಾಡಿದಾಗ ಕೊಟ್ಟ ಕಾರಣವೇ ಇದು. ಅನುಕೂಲ ಕಡಿಮೆ ಇರುವ ಕಡೆಯ ಮಕ್ಕಳು ತಮಗೆ ಸಹಾಯ ಆಗಬಹುದಾಗಿದ್ದ ಅಂಕವನ್ನೇ ಮುಚ್ಚಿಟ್ಟುಕೊಳ್ಳುತ್ತಿದ್ದಾರೆ ಅಂತ ಅಲ್ಲಿನ ಪ್ರೊಫೆಸರ್‌ಗಳ ಅಧ್ಯಯನ ತೋರಿಸಿತ್ತು.

ಹೊಸದಾಗಿ ಬಂದ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಗಣಿತ 770, ಇಂಗ್ಲಿಷ್ 600 ಅನ್ನುವಂಥ ಅಂಕ. ಗಣಿತ ಮಾತ್ರ ಕಳಿಸೋಣ ಅಂದರೆ ಆಗುವುದಿಲ್ಲ. ಎಸ್‌ಎಟಿ ಕಳಿಸಿದರೆ ಎರಡೂ ಹೋಗುತ್ತವೆ. ಇಂಥವರಿಗೆ ಎಪಿ ಒಳ್ಳೆಯ ದಾರಿ. ಎಪಿ ಕ್ಯಾಲ್ಕ್ಯುಲಸ್‌ನಲ್ಲಿ ಐದಕ್ಕೆ 5 ಬಂದಿದ್ದರೆ ಎಸ್‌ಎಟಿ ಬಿಟ್ಟು ಅದೊಂದನ್ನೇ ಕಾಮನ್ ಆ್ಯಪ್‌ನಲ್ಲಿ ತೋರಿಸಬಹುದು. ಎಪಿ ಪರೀಕ್ಷೆ ಮೇ ತಿಂಗಳಲ್ಲಿ, ಫಲಿತಾಂಶ ಜುಲೈನಲ್ಲಿ. ನವೆಂಬರ್ ಗಡುವಿಗೆ ಸಾಕಷ್ಟು ಮೊದಲೇ ಕೈಗೆ ಬರುತ್ತದೆ.

ಸ್ಕೋರ್ ಇಲ್ಲದ ಫೈಲ್

ಕೊನೆಗೆ ಮಾರ್ಕ್ಸ್ ಕಾರ್ಡಿಗೆ ಬರೋಣ, ಯಾಕೆಂದರೆ ಅರ್ಲಿ ಹಾಕುವವರಿಗೆ ಎಲ್ಲ ನಿಂತಿರುವುದು ಅದರ ಮೇಲೆ. ನವೆಂಬರ್ 1ಕ್ಕೆ ಹಾಕಿದರೆ ಕಾಲೇಜಿನವರ ಕೈಯಲ್ಲಿ ಪೂರ್ತಿ ವರ್ಷದ ಗ್ರೇಡ್ ಇರುವುದು ಹನ್ನೊಂದನೇ ಕ್ಲಾಸಿನ ತನಕ ಮಾತ್ರ. ಮಗು ಹತ್ತರಲ್ಲೋ ಹನ್ನೊಂದರಲ್ಲೋ ಇಲ್ಲಿಗೆ ಬಂದಿದ್ದು, ಮೊದಲ ಸೆಮಿಸ್ಟರ್‌ನಲ್ಲಿ ತಡವರಿಸಿದ್ದರೆ, ಅರ್ಲಿ ರೌಂಡಿನಲ್ಲಿ ಆ ತಡವರಿಕೆಯೇ ದೊಡ್ಡದಾಗಿ ಕಾಣುತ್ತದೆ. ಹನ್ನೆರಡನೇ ಕ್ಲಾಸಿನ ಒಳ್ಳೆಯ ಗ್ರೇಡ್ ಬರುವ ತನಕ ಕಾದು, ಜನವರಿಯ ಅರ್ಲಿ ಡಿಸಿಷನ್ ಎರಡನೇ ರೌಂಡಿಗೋ ರೆಗ್ಯುಲರ್ ರೌಂಡಿಗೋ ಹಾಕುವುದು ಇಂಥವರಿಗೆ ಜಾಣತನ.

ಊರಿನ ಅಂಕಗಳನ್ನು ಇಲ್ಲಿನ ಶಾಲೆ ಹೇಗೆ ಬರೆದುಕೊಂಡಿದೆ ಅಂತ ಒಮ್ಮೆ ನಿಮ್ಮ ಕಣ್ಣಾರೆ ನೋಡಿ. ಎಸ್‌ಎಸ್‌ಎಲ್‌ಸಿಯಲ್ಲಿ 85 ಅಂದರೆ ಡಿಸ್ಟಿಂಕ್ಷನ್, ಬೀದಿಯಲ್ಲಿ ಸಿಹಿ ಹಂಚುತ್ತೇವೆ. ಇಲ್ಲಿನ ಎಷ್ಟೋ ಶಾಲೆಗಳಲ್ಲಿ 85 ಅಂದರೆ ಬರೀ ಬಿ. ಹಾಗೇ ನೇರವಾಗಿ ಬದಲಿಸಿ ಇಲ್ಲಿನ ಶಾಲೆಯ ಅಂಕಪಟ್ಟಿ ಅಂದರೆ ಟ್ರಾನ್ಸ್‌ಕ್ರಿಪ್ಟ್‌ಗೆ ಏರಿಸಿದ್ದರೆ ಓದಿದ ಮಗುವೂ ಸಾಧಾರಣ ಅನ್ನಿಸಿಬಿಡುತ್ತದೆ. ಏಪ್ರಿಲ್ ಹೊತ್ತಿಗೇ ಕೌನ್ಸೆಲರ್ ಹತ್ತಿರ ಟೈಮ್ ಕೇಳಿ, ಸಿಬಿಎಸ್‌ಇ, ಐಸಿಎಸ್‌ಇ, ರಾಜ್ಯ ಬೋರ್ಡ್ ಯಾವುದಾದರೂ ಸರಿ, ಅಸಲು ಮಾರ್ಕ್ಸ್ ಕಾರ್ಡ್ ತೋರಿಸಿ. ಬೋರ್ಡಿನ ಗ್ರೇಡ್ ಪದ್ಧತಿಯನ್ನು ವಿವರಿಸಿ, ಅದನ್ನು ಅವರ ಪತ್ರದಲ್ಲಿ ಒಂದು ಸಾಲಾದರೂ ಬರೆಯಲು ಕೇಳಿಕೊಳ್ಳಿ. ಒಬ್ಬೊಬ್ಬ ಕೌನ್ಸೆಲರ್ ಕೈಯಲ್ಲಿ ನೂರಾರು ಮಕ್ಕಳಿರುತ್ತಾರೆ. ನೀವು ಹೇಳದಿದ್ದರೆ ಅವರಿಗೆ ಗೊತ್ತಾಗುವ ದಾರಿಯಿಲ್ಲ, ಅಲ್ವಾ? ಶಾಲೆ ಬದಲಾಯಿಸಿದ ವಿಷಯವನ್ನು ಮಗು ಕಾಮನ್ ಆ್ಯಪ್‌ನ ಹೆಚ್ಚುವರಿ ಮಾಹಿತಿ ಜಾಗದಲ್ಲಿ ನಾಲ್ಕೈದು ವಾಕ್ಯದಲ್ಲಿ ಹೇಳಲಿ. ಅಳುಮುಂಜಿ ಮಾಡದೆ, ಏನಾಯಿತು ಅಂತ ಅಷ್ಟೇ.

ಅದೇ ಹೊತ್ತಿಗೆ ಕೌನ್ಸೆಲರ್‌ಗೆ ಇನ್ನೊಂದು ಮಾತು ಕೇಳಿ. ಕೆಲವು ಶಾಲೆಗಳು ಎಸ್‌ಎಟಿ ಅಂಕವನ್ನು ತಾವೇ ಟ್ರಾನ್ಸ್‌ಕ್ರಿಪ್ಟ್ ಮೇಲೆ ಅಚ್ಚು ಹಾಕುತ್ತವೆ. ಮಗು ಕಾಮನ್ ಆ್ಯಪ್‌ನಲ್ಲಿ "ಸ್ಕೋರ್ ಪರಿಗಣಿಸಬೇಡಿ" ಅಂತ ಆರಿಸಿರುತ್ತದೆ, ಪಕ್ಕದ ಹಾಳೆಯಲ್ಲಿ 1290 ಕೂತಿರುತ್ತದೆ. ತೆಗೆಸಿ. ಸ್ಕೋರಿನ ಪ್ರಶ್ನೆಗೆ ಕಾಲೇಜು ಕಾಲೇಜಿಗೂ ಬೇರೆ ಉತ್ತರ ಕೊಡಬಹುದು. ಒಂದಕ್ಕೆ ಕಳಿಸಿ ಇನ್ನೊಂದಕ್ಕೆ ಬಿಡುವುದರಲ್ಲಿ ತಪ್ಪೇನಿಲ್ಲ.

650 ಪದದ ಪ್ರಬಂಧದ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಅದು ಮಕ್ಕಳ ಕೆಲಸ. ದಯವಿಟ್ಟು ಅಪ್ಪಂದಿರು ಅದಕ್ಕೆ ಕೈ ಹಾಕಬೇಡಿ. ಶಿಫಾರಸು ಪತ್ರಕ್ಕೆ ಮಾತ್ರ ಹನ್ನೊಂದನೇ ಕ್ಲಾಸಿನ ಮೇಷ್ಟ್ರನ್ನು ಬೇಸಿಗೆ ರಜೆಗೆ ಮುಂಚೆಯೇ ಕೇಳಿಕೊಳ್ಳಲಿ. ಅಕ್ಟೋಬರಿನಲ್ಲಿ ಕೇಳಿದರೆ ಅವರ ಮುಂದೆ ಆಗಲೇ ದೊಡ್ಡ ಸಾಲು ಇರುತ್ತದೆ.

ಫಲಿತಾಂಶ ಸಾಮಾನ್ಯವಾಗಿ ಡಿಸೆಂಬರ್ ಮಧ್ಯದಲ್ಲಿ ಬರುತ್ತದೆ. ಹೌದು, ಇಲ್ಲ ಎರಡೂ ಅಲ್ಲದ ಮೂರನೆಯದೊಂದು ಇದೆ: ಡಿಫರ್. ಅಂದರೆ ರೆಗ್ಯುಲರ್ ರೌಂಡಿನಲ್ಲಿ ಮತ್ತೆ ನೋಡುತ್ತೇವೆ ಅಂತ. ಡಿಫರ್ ಆದರೆ ಒಪ್ಪಂದ ಅಲ್ಲಿಗೆ ಬಿಡುಗಡೆ. ಈಗ ಹೊಸ ಸ್ಕೋರ್ ಕಳಿಸಬಹುದಾ ಅಂತ ಆ ಕಾಲೇಜನ್ನೇ ಕೇಳಿ, ಮಿಡ್ ಇಯರ್ ಗ್ರೇಡ್ ಹೋಗುವಂತೆ ಕೌನ್ಸೆಲರ್‌ಗೆ ನೆನಪಿಸಿ. ಆಗ ಉಳಿದ ಕಾಲೇಜುಗಳ ಗಡುವಿಗೆ ಎರಡು ವಾರ ಇರುತ್ತದೆ, ನಡುವೆ ಕ್ರಿಸ್‌ಮಸ್ ರಜೆ, ಶಾಲೆ ಬಾಗಿಲು ಹಾಕಿರುತ್ತದೆ. ಹಾಗಾಗಿ ಅರ್ಲಿ ಹಾಕಿದ ಮೇಲೂ ಕೈ ಕಟ್ಟಿ ಕೂರದೆ, ಥ್ಯಾಂಕ್ಸ್‌ಗಿವಿಂಗ್ ಮುಗಿಯುವಷ್ಟರಲ್ಲಿ ಬೇರೆ ಕಾಲೇಜುಗಳ ಪ್ರಬಂಧಗಳನ್ನೂ ಬರೆದು ಮುಗಿಸಿ ಇಟ್ಟುಕೊಳ್ಳಲಿ.