ಏರ್ ರೈಫಲ್ ಗುರಿಯ ಹಿಂದೆ ಏನಿಡಬೇಕು?

ಕೊಪ್ಪಳದ ಕಡೆ ಹಿತ್ತಲಲ್ಲಿ ಹತ್ತು ಮೀಟರ್ ರೇಂಜ್ ಮಾಡಿಕೊಂಡವರನ್ನು, ಗುರಿಯ ಹಿಂದೆ ಏನಿಟ್ಟಿದ್ದೀರಿ ಎಂದು ಕೇಳಿ ನೋಡಿ. 'ಗುಂಡೈತಲ್ರೀ, ಇನ್ನೇನ್ ಬೇಕು?' ಅನ್ನುತ್ತಾರೆ. ಗುಂಡು ಅಂದರೆ ಮನೆ ಗಾತ್ರದ ಬಂಡೆ. ಪೆಲೆಟ್ಟನ್ನು, ಅಂದರೆ ಏರ್ ರೈಫಲ್ ಹಾರಿಸುವ ಪುಟ್ಟ ಸೀಸದ ಕಾಳನ್ನು, ಅದು ತಡೆಯುತ್ತದೆ, ನಿಜ. ತಡೆದು ವಾಪಸ್ ಕಳಿಸುತ್ತದೆ! ಹಾಗೆ ಬಂದ ಸೀಸದ ಚೂರೊಂದು ನನ್ನ ಕನ್ನಡಕದ ಗಾಜಿನಲ್ಲಿ ಸಾಸಿವೆಯಷ್ಟು ಗುಳಿ ಮಾಡಿದೆ. ಆ ಕನ್ನಡಕ ಇನ್ನೂ ಇಟ್ಟುಕೊಂಡಿದ್ದೇನೆ.

ಇಲ್ಲಿ ಹೇಳುವುದೆಲ್ಲ 4.5 ಮಿ.ಮೀ. ಸೀಸದ ಪೆಲೆಟ್ ಹಾರಿಸುವ ಸ್ಪರ್ಧೆಯ ಏರ್ ರೈಫಲ್, ಏರ್ ಪಿಸ್ತೂಲಿಗೆ ಮಾತ್ರ. ಮದ್ದಿನ ತೋಟಾ ಹಾರಿಸುವ ಪಾಯಿಂಟ್ ಟೂ ಟೂ ರೈಫಲ್ಲಿನ ಕಥೆಯೇ ಬೇರೆ. ಅದನ್ನು ಹಿತ್ತಲಿಗೆ ತರಬೇಡಿ.

ಮೊದಲು ಜಾಗ. ಹಿಂದೆ ಗೋಡೆ ಇರಲಿ, ಆ ಬದಿಗೆ ಬಾಗಿಲು, ಕಿಟಕಿ, ಓಣಿ ಬೇಡ. ಗುರಿಯ ನಡುಬಿಂದು ನೆಲದಿಂದ 1.4 ಮೀಟರ್ ಎತ್ತರದಲ್ಲಿರಲಿ.

ಆಮೇಲೆ ಗುರಿಯ ಹಿಂದೆ ಪೆಲೆಟ್ ಹಿಡಿಯುವ ಪೆಟ್ಟಿಗೆ. ಪ್ಲೈವುಡ್‌ನಲ್ಲಿ ಎರಡಡಿ ಅಗಲ, ಎರಡಡಿ ಎತ್ತರ, ಒಂದಡಿ ಆಳ. ಹಿಂಬದಿಗೆ 3 ಮಿ.ಮೀ. ಕಬ್ಬಿಣದ ಹಾಳೆ, ಮುಂಬದಿಗೆ ರಟ್ಟು.

ಎಲ್ಲರೂ ಎಡವುವುದು ಒಳಗೆ ಏನು ತುಂಬುವುದು ಅನ್ನುವಲ್ಲಿ. ಎರೆಮಣ್ಣು ಬೇಡವೇ ಬೇಡ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಹೆಂಟೆ ಕಲ್ಲಿನಂತಾಗುತ್ತದೆ. ಮಸಾರಿ ಮಣ್ಣಿನಲ್ಲಿ ಗರಸು ಜಾಸ್ತಿ, ಒಂದು ಹರಳು ಸಾಕು ಪೆಲೆಟ್ ತಿರುಗಲು. ಜರಡಿ ಹಿಡಿದ ಮರಳು ಒಳ್ಳೆಯದೇ, ಆದರೆ ರಟ್ಟು ತೂತಾದಂತೆ ಸುರಿದುಹೋಗಿ ಮೇಲ್ಭಾಗ ಟೊಳ್ಳಾಗುತ್ತದೆ. ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಮರಳನ್ನು ಗೊಬ್ಬರದ ಚೀಲದಲ್ಲಿ ಕಟ್ಟಿಡುವವರೂ ಇದ್ದಾರೆ. ರಾಯಚೂರಿನ ಬಿಸಿಲಿಗೆ ಆ ಪ್ಲಾಸ್ಟಿಕ್ ಪುಡಿಪುಡಿಯಾಗುತ್ತದೆ.

ನನ್ನ ಮಾತು ಕೇಳಿದರೆ ಬಳ್ಳಾರಿಯ ಜೀನ್ಸ್ ಚಿಂದಿ ತನ್ನಿ. ಊರಲ್ಲಿ ಹೊಲಿಗೆ ಘಟಕಗಳಿಗೇನು ಬರವೇ? ಬಟ್ಟೆ ಕತ್ತರಿಸಿ ಉಳಿದ ಚೂರುಗಳನ್ನೇ ಕೇಳಿ. ಹಳೇ ಪ್ಯಾಂಟಾದರೆ ಗುಂಡಿ, ಜಿಪ್ಪು, ಜೇಬಿನ ತಾಮ್ರದ ಮೊಳೆ ಎಲ್ಲ ಕಿತ್ತುಹಾಕಬೇಕು. ಪೆಟ್ಟಿಗೆಯನ್ನು ಅಂಗಾತ ಮಲಗಿಸಿ, ನಾಲ್ಕು ಬೆರಳಿನಷ್ಟು ಚಿಂದಿ ಹರಡಿ, ಹತ್ತಿ ನಿಂತು ತುಳಿಯಿರಿ. ಮತ್ತೆ ಹರಡಿ, ಮತ್ತೆ ತುಳಿಯಿರಿ. ತೋರುಬೆರಳು ಒತ್ತಿದರೆ ಮೊದಲ ಗೆಣ್ಣಿಗಿಂತ ಒಳಗೆ ಹೋಗಬಾರದು. ಹೋದರೆ ಇನ್ನೂ ತುಂಬಬೇಕು. ಸುಮ್ನೆ ತುರುಕಿ ಮುಚ್ಚಿದರೆ ಪೆಲೆಟ್ ಸಂದಿಯಲ್ಲಿ ನುಸುಳಿ ಹಿಂದಿನ ಹಾಳೆಗೆ 'ಟಣ್' ಅನ್ನುತ್ತದೆ. ಆ ಸದ್ದು ಕೇಳಿದ ದಿನ ಆಟ ನಿಲ್ಲಿಸಿ, ಚಿಂದಿ ತೆಗೆದು ಮತ್ತೆ ತುಂಬಿ. ಒಂದೇ ಕಡೆ ಬಿದ್ದು ಬಿದ್ದು ನಡುವೆ ಹೊಂಡವಾಗಿರುತ್ತದೆ.

ರೆಡಿಮೇಡ್ ತಗಡಿನ ಪೆಟ್ಟಿಗೆ ಒಮ್ಮೆ ತರಿಸಿದ್ದೆ. ಎರಡು ತಿಂಗಳಿಗೆ ಇಡ್ಲಿ ತಟ್ಟೆ ಥರ ಗುಳಿಬಿತ್ತು. ಗುಳಿಬಿದ್ದ ತಗಡಿನಿಂದ ಪೆಲೆಟ್ ಯಾವ ಕಡೆ ಸಿಡಿಯುತ್ತದೋ ಹೇಳಲಾಗದು. ಕಬ್ಬಿಣವೇ ಬೇಕೆಂದರೆ ದಪ್ಪ ಹಾಳೆ ತಂದು, ಮೇಲಂಚು ನಿಮ್ಮ ಕಡೆ ಬಾಗುವಂತೆ ಓರೆ ನಿಲ್ಲಿಸಿ. ಪೆಲೆಟ್ ಕೆಳಗಿನ ಮರಳಿನ ತಟ್ಟೆಗೆ ಬೀಳುತ್ತದೆ. ಟೈರ್ ಬೇಡ, ರಬ್ಬರ್ ಪುಟಿಸುತ್ತದೆ. ಉಕ್ಕಿನ ಗೋಲಿ ಯಾವುದಕ್ಕೂ ಬೇಡ.

ಗುರಿ ತಪ್ಪಿದ್ದಕ್ಕೆ ಪೆಟ್ಟಿಗೆಯ ಹಿಂದೆ, ಗೋಡೆಯಿಂದ ಒಂದು ಮೊಳ ಬಿಟ್ಟು, ದಪ್ಪ ಕಂಬಳಿಯನ್ನು ಎರಡು ಪದರ ಇಳಿಬಿಡಿ. ಕೆಳಗಂಚು ಕಟ್ಟಬೇಡಿ. ಜೋಲಾಡಿದರೇ ಪೆಲೆಟ್ಟಿನ ರಭಸ ಇಳಿಯುವುದು. ಹಾಗಂತ ಕನ್ನಡಕ ತೆಗೆಯಬೇಡಿ.

ಕೆಳಗೆ ಬಿದ್ದ ಸೀಸವನ್ನು ಪೊರಕೆಯಲ್ಲಿ ಗುಡಿಸಿದರೆ ದೂಳು ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮುಚ್ಚಳದ ಡಬ್ಬಿಗೆ ಹಾಕಿ. ಸೋಪು ಹಚ್ಚಿ ಕೈ ತೊಳೆಯುವವರೆಗೆ ಮಂಡಕ್ಕಿ ಮಿರ್ಚಿ ಮುಟ್ಟಬೇಡಿ.