ಅಪ್ಪನ ಸ್ಪ್ಲೆಂಡರ್‌ಗೆ ಹಾಫ್ ಎಂಜಿನ್ ಕೆಲಸ ಮಾಡಿದ್ದು

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಹಳೆ ಹೀರೋ ಹೋಂಡಾ ಸ್ಪ್ಲೆಂಡರ್ ಅನ್ನು ವಿಜಯಪುರದಿಂದ ಪುಣೆ ಬಳಿಯ ಭೋಸರಿಗೆ ತಂದೆ. ಇಪ್ಪತ್ತು ವರ್ಷ ದುಡಿದ ಗಾಡಿ. ಎಣ್ಣೆ ಬದಲಿಸುವುದನ್ನು ನಾವೇ ಎಷ್ಟೋ ಸಲ ಮುಂದೂಡಿದ್ದೆವು. ಮಳೆಗಾಲದ ಹೊತ್ತಿಗೆ ಸೈಲೆನ್ಸರ್‌ನಿಂದ ನೀಲಿ ಹೊಗೆ ಶುರುವಾಯಿತು. ಕಿಕ್ ಹೊಡೆದರೆ ಕಾಲಿಗೆ ತಡೆಯೇ ಸಿಗುತ್ತಿರಲಿಲ್ಲ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಸ್ವಲ್ಪ ಹೊಗೆ ಬಂದು ನಿಂತರೆ ಸಾಮಾನ್ಯವಾಗಿ ವಾಲ್ವ್ ಸೀಲ್ (ವಾಲ್ವಿನ ಪಕ್ಕದಿಂದ ಎಣ್ಣೆ ಇಳಿಯದಂತೆ ತಡೆಯುವ ರಬ್ಬರ್) ಹೋಗಿರುತ್ತದೆ. ನನ್ನದು ಎಕ್ಸಲರೇಟರ್ ತಿರುಗಿಸಿದಷ್ಟೂ ಹೊಗೆ. ಅಂದ್ರೆ ಪಿಸ್ಟನ್ನಿನ ಸುತ್ತಲಿನ ರಿಂಗ್ ಮತ್ತು ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಸವೆದಿವೆ. ಗೇರು, ಕ್ಲಚ್ಚು ಸರಿಯಿದ್ದವು, ಕೆಳಗಿನಿಂದ ಯಾವ ಸದ್ದೂ ಇರಲಿಲ್ಲ. ಹಾಗಾಗಿ ವಾಲ್ವ್‌ಗಳಿರುವ ಹೆಡ್ ಮತ್ತು ಬೋರ್ ಇರುವ ಬ್ಲಾಕ್ ಮಾತ್ರ ಬಿಚ್ಚುವುದು, ಅಂದರೆ ಹಾಫ್ ಎಂಜಿನ್ ಕೆಲಸ, ಸಾಕು ಅಂತ ತೀರ್ಮಾನಿಸಿದೆ. ಚೆನ್ನಾಗಿರುವ ಭಾಗವನ್ನು ಸುಮ್ನೆ ಬಿಚ್ಚಬಾರದು. ಇಷ್ಟಕ್ಕೆ ಎಂಜಿನ್ ಅನ್ನು ಫ್ರೇಮಿನಿಂದ ಇಳಿಸುವುದೂ ಬೇಕಿಲ್ಲ.

ಫೋನಿನಲ್ಲಿ ಅಪ್ಪ, "ಸಾವಕಾಶ ಬಿಚ್ಚೋ, ಅವಸರ ಮಾಡಬ್ಯಾಡ" ಅಂದರು.

ಒಂದು ರಟ್ಟಿನ ಮೇಲೆ ಎಂಜಿನ್ನಿನ ಚಿತ್ರ ಬರೆದು, ಬಿಚ್ಚಿದ ಪ್ರತಿ ಬೋಲ್ಟನ್ನು ಅದರದೇ ಜಾಗದಲ್ಲಿ ಚುಚ್ಚಿಟ್ಟೆ. ನೋಡಲು ಒಂದೇ ತರ ಇದ್ದರೂ ಅವುಗಳ ಉದ್ದ ಬೇರೆ ಬೇರೆ. ಹೆಡ್ಡಿನ ನಾಲ್ಕು ನಟ್‌ಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವೇ ಸಡಿಲಿಸಿದೆ. ಒಂದನ್ನೇ ಪೂರ್ತಿ ಬಿಚ್ಚಿದರೆ ಹೆಡ್ ಸೊಟ್ಟಗಾಗಬಹುದು. ವಾಲ್ವ್‌ಗಳನ್ನು ನಡೆಸುವ ಟೈಮಿಂಗ್ ಚೈನ್ ಒಳಗೆ ಬೀಳದಂತೆ ತಂತಿಯಿಂದ ಕಟ್ಟಿದೆ. ಬ್ಲಾಕ್ ಹೊರಗೆ ಬಂದ ಕೂಡಲೇ ಕೆಳಗಿನ ಬಾಯಿಗೆ ಒಣ ಬಟ್ಟೆ ತುರುಕಿದೆ. ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ಸಣ್ಣ ಸರ್ಕ್ಲಿಪ್ ತೆಗೆಯುವಾಗ ಟಣ್ ಅಂತ ಹಾರಿ ಆ ಬಟ್ಟೆಯ ಮೇಲೆಯೇ ಬಿತ್ತು. ಬಟ್ಟೆ ಇರದಿದ್ದರೆ ಎಂಜಿನ್ನಿನ ಹೊಟ್ಟೆಯೊಳಗೇ ಹೋಗುತ್ತಿತ್ತು.

ಹಳೆ ರಿಂಗನ್ನು ಬೋರಿನೊಳಗಿಟ್ಟು, ಪಿಸ್ಟನ್ನಿನಿಂದ ನೇರಕ್ಕೆ ತಳ್ಳಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು) ಅಳೆದೆ. 0.9 ಮಿ.ಮೀ. ಇತ್ತು. ಇದು ತುಂಬಾ ಜಾಸ್ತಿ. ಬೋರಿನ ಮೇಲ್ತುದಿಯಲ್ಲಿ ಉಗುರಾಡಿಸಿದರೆ ಒಂದು ಸಣ್ಣ ಅಂಚು ತಗಲುತ್ತಿತ್ತು. ರಿಂಗ್ ಓಡಾಡದ ಜಾಗ ಹಾಗೇ ಉಳಿದು, ಅದರ ಕೆಳಗೆ ಸವೆದಿತ್ತು.

ಪುಣೆಯ ನಾನಾ ಪೇಠಿಗೆ ಹೋಗಿ 0.25 ಓವರ್‌ಸೈಜ್ (ಮೂಲಕ್ಕಿಂತ 0.25 ಮಿ.ಮೀ. ದಪ್ಪದ) ಪಿಸ್ಟನ್, ರಿಂಗು, ಪ್ಯಾಕಿಂಗ್ ಸೆಟ್ಟು ತಂದೆ. ಈ ಎಂಜಿನ್ನಿನ ಮೂಲ ಬೋರ್ 50 ಮಿ.ಮೀ. ಇಲ್ಲೊಂದು ಮಾತು ನೆನಪಿಡಿ: ಪಿಸ್ಟನ್ ಮೊದಲು ಕೊಳ್ಳಿ, ಆಮೇಲೆ ಬೋರ್ ಮಾಡಿಸಿ. ಭೋಸರಿಯಲ್ಲಿ ಬೋರಿಂಗ್ ಮಾಡುವವರು ಕಲಬುರಗಿ ಕಡೆಯವರು. ಪಿಸ್ಟನ್ನನ್ನು ಮೈಕ್ರೋಮೀಟರಿನಿಂದ ಅಳೆದು, "ತಮ್ಮಾ, ಡಬ್ಬಿ ಮ್ಯಾಲಿನ ನಂಬರ್ ನೋಡಿ ನಾ ಬೋರ್ ಮಾಡಂಗಿಲ್ಲ, ಪಿಸ್ಟನ್ ನೋಡಿ ಮಾಡ್ತೀನಿ" ಅಂದರು. ಅವರ ಮೇಲೆ ನನಗೆ ಭರವಸೆ ಬಂದದ್ದು ಆ ಮಾತಿನಿಂದ.

ವಾಲ್ವ್‌ಗಳು ಸರಿಯಾಗಿ ಮುಚ್ಚುತ್ತಿವೆಯೇ ಅಂತ ಹೆಡ್ಡಿನ ಪೋರ್ಟಿಗೆ (ವಾಲ್ವಿನ ಹಿಂದಿನ ದಾರಿ) ಪೆಟ್ರೋಲ್ ಸುರಿದು ನೋಡಿದೆ. ಎಕ್ಸಾಸ್ಟ್ ವಾಲ್ವಿನಿಂದ ಜಿನುಗಿತು. ವಾಲ್ವಿಗೆ ತಿಕ್ಕುವ ಪೇಸ್ಟ್ ಹಚ್ಚಿ, ಅದು ಕೂರುವ ಸೀಟಿನ ಸುತ್ತ ಒಂದೇ ಅಗಲದ ಬೂದು ಪಟ್ಟಿ ಕಾಣುವವರೆಗೆ ತಿಕ್ಕಿದೆ. ಆಮೇಲೆ ಒಂದು ಹನಿಯೂ ಇಳಿಯಲಿಲ್ಲ. ಸೀಲ್‌ಗಳನ್ನೂ ಬದಲಿಸಿದೆ.

ಬೋರ್ ಮಾಡಿದ ಬ್ಲಾಕನ್ನು ಸೋಪು ನೀರಿನಲ್ಲಿ ಉಜ್ಜಿ ತೊಳೆಯಲೇಬೇಕು. ಬರೀ ಸೀಮೆಎಣ್ಣೆ ಸಾಲದು, ಕಣ್ಣಿಗೆ ಕಾಣದ ಪುಡಿ ಉಳಿದುಬಿಡುತ್ತದೆ. ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ತೊಳೆದೆ. ಕೂಡಲೇ ಎಣ್ಣೆ ಸವರಿದೆ, ಪುಣೆಯ ಮಳೆಗಾಲದ ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ.

ಪಿಸ್ಟನ್ ತಲೆಯ ಮೇಲಿನ 'ಐಎನ್' ಗುರುತು ಕಾರ್ಬ್ಯುರೇಟರ್ ಕಡೆಗಿರಬೇಕು. ರಿಂಗುಗಳ ತುದಿಗಳ ಸಂದು ಒಂದರ ನೇರಕ್ಕೆ ಒಂದು ಬರಬಾರದು. ಬೆರಳಿನಿಂದ ಒಂದೊಂದೇ ರಿಂಗ್ ಒತ್ತಿ ಹಿಡಿದು ಬ್ಲಾಕ್ ತಳ್ಳಿದೆ. ಎರಡನೆಯದು ಸಿಕ್ಕಿಕೊಂಡಿತು. ಬಲ ಹಾಕಿದರೆ ಮುರಿಯುತ್ತದೆ. ಹಿಂದಕ್ಕೆ ತಂದು ಮತ್ತೆ ಕೂರಿಸಿದೆ.

ತಪ್ಪು ಮಾಡಿದ್ದು ಟೈಮಿಂಗಿನಲ್ಲಿ, ಅಂದರೆ ಪಿಸ್ಟನ್ ಮತ್ತು ವಾಲ್ವ್‌ಗಳ ಓಟ ಹೊಂದಿಸುವುದರಲ್ಲಿ. ಮ್ಯಾಗ್ನೆಟ್ಟಿನ 'ಟಿ' ಗುರುತು, ಟೈಮಿಂಗ್ ಚೈನ್ ಕೂರುವ ಮೇಲಿನ ಹಲ್ಲುಚಕ್ರದ (ಸ್ಪ್ರಾಕೆಟ್) 'ಓ' ಗುರುತು ಎರಡೂ ಒಟ್ಟಿಗೆ ತಮ್ಮ ತಮ್ಮ ಗೆರೆಗೆ ಸೇರಬೇಕು. ಸೇರಿದವು ಅಂದುಕೊಂಡು ಬಿಗಿದೆ. ಮುಚ್ಚುವ ಮೊದಲು ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿದರೆ, 'ಟಿ' ಸರಿಯಾಗಿದೆ, 'ಓ' ಒಂದು ಹಲ್ಲು ಪಕ್ಕಕ್ಕೆ! ಬಿಚ್ಚಿ ಸರಿ ಮಾಡಿದೆ. ಆ ಎರಡು ಸುತ್ತನ್ನು ಯಾರೂ ಬಿಡಬೇಡಿ. ಟ್ಯಾಪೆಟ್ ಸಂದು (ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಜಾಗ) 0.05 ಮಿ.ಮೀ. ಇಟ್ಟೆ, ಎಂಜಿನ್ ತಣ್ಣಗಿರುವಾಗ.

ಹೊಸ ಎಣ್ಣೆ ಹಾಕಿ, ಪ್ಲಗ್ ತೆಗೆದಿಟ್ಟು ಇಪ್ಪತ್ತು ಕಿಕ್ ಹೊಡೆದೆ, ಎಣ್ಣೆ ಮೇಲಕ್ಕೆ ಹತ್ತಲಿ ಅಂತ. ಪ್ಲಗ್ ಹಾಕಿದ ಮೇಲೆ ಕಾಲಿಗೆ ಗಟ್ಟಿ ತಡೆ ಸಿಕ್ಕಿತು. ಮೂರನೇ ಕಿಕ್ಕಿಗೆ ಸ್ಟಾರ್ಟ್. ಹಚ್ಚಿದ ಎಣ್ಣೆ ಉರಿದು ಒಂದೆರಡು ನಿಮಿಷ ಹೊಗೆ ಬಂತು, ಆಮೇಲೆ ನಿಂತಿತು. ಅಪ್ಪನಿಗೆ ಫೋನಿನಲ್ಲೇ ಸದ್ದು ಕೇಳಿಸಿದೆ.

ಈಗ 440 ಕಿಲೋಮೀಟರ್ ಆಗಿದೆ, 45ರ ವೇಗ ದಾಟಿಸಿಲ್ಲ. 500 ಆದ ಮೇಲೆ ಎಣ್ಣೆ ಬದಲಿಸಿ, ಟ್ಯಾಪೆಟ್ ಇನ್ನೊಮ್ಮೆ ನೋಡಿ, ಪುಣೆ ಹತ್ತಿರದ ದಿವೆ ಘಾಟ್ ಹತ್ತಿಸಬೇಕು.