ಬಲೆಯಲ್ಲಿ ಕಲ್ಲು ತುಂಬಿ ಎಸೆದೆ: ಸಲಾದೀನನ ಕಾಲದ ಮಂಜನೀಕ್ ಕಟ್ಟಿದ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ: ಬಲೆ ಯಂತ್ರ, ಅಂದರೆ ಬಲೆಯಲ್ಲಿ ತುಂಬಿದ ಕಲ್ಲಿನ ಭಾರದಿಂದ ತೊಲೆ ಎತ್ತಿ ಕಲ್ಲೆಸೆಯುವ ಮಂಜನೀಕ್ (ಹಿಂದಿನ ಕಾಲದ ಕೋಟೆ ಮುತ್ತಿಗೆಯ ಯಂತ್ರ), ಎಸೆಯುತ್ತದೆ. ಮೂರು ಕಿಲೋ ಕಲ್ಲನ್ನು ತೊಂಬತ್ತು ಮೀಟರಿನ ಆಸುಪಾಸಿಗೆ ಎಸೆಯುತ್ತದೆ. ಗಾಳಿ ಬೆನ್ನಿಗಿದ್ದ ದಿನ ನೂರನ್ನೂ ಮುಟ್ಟಿದೆ. ಗುಂಡಿಯೊಳಗೆ ಕಲ್ಲಿನ ಚೀಲ ಬೀಳಿಸಿ ಮಂಜನೀಕ್ ಆಡಿಸುತ್ತೇನೆ ಎಂದಾಗ ನಕ್ಕವರಲ್ಲಿ ಅರ್ಧ ಜನ ಈಗ ಅಳತೆ ಕೇಳುತ್ತಿದ್ದಾರೆ. ಅವರಿಗಾಗಿಯೇ ಈ ಬರಹ. ಬಲೆಯ ಬದಲು ಹಲಗೆಯ ಪೆಟ್ಟಿಗೆಯಲ್ಲಿ ಭಾರ ತುಂಬುವ ಪೆಟ್ಟಿಗೆ ಮಾದರಿಯನ್ನು ಒಮ್ಮೆಯಾದರೂ ಕಟ್ಟಿ, ತೋಳಿನ ಅನುಪಾತ, ಕವಣೆಯ ಉದ್ದ, ಕವಣೆ ಕಳಚಿಕೊಳ್ಳುವ ಕೊಕ್ಕೆಯ ಕೋನ ಎಂದು ತಲೆ ಕೆಡಿಸಿಕೊಂಡವರಿಗೆ ಮಾತ್ರ ಇದು ಉಪಯೋಗ. ಉಳಿದವರು ಏತವನ್ನು ನೆನೆದುಕೊಂಡರೆ ಸಾಕು. ಅಲ್ಲಿ ಭಾರ ಇಳಿದು ನೀರು ಮೇಲೆ ಬರುತ್ತದೆ, ಇಲ್ಲಿ ಭಾರ ಇಳಿದು ಕಲ್ಲು ಹಾರುತ್ತದೆ.

ಈ ಹುಚ್ಚು ಹತ್ತಿದ್ದು ಮರ್ದೀ ಇಬ್ನ್ ಅಲಿ ಅಲ್-ತರ್ಸೂಸಿಯಿಂದ. ಈಜಿಪ್ಟ್, ಸಿರಿಯಾಗಳನ್ನು ಆಳಿದ ಸುಲ್ತಾನ ಸಲಾದೀನ್ ಹತ್ತೀನ್‌ನಲ್ಲಿ ಫ್ರಾಂಕರ, ಅಂದರೆ ಕ್ರುಸೇಡ್ ಎಂಬ ಧರ್ಮಯುದ್ಧಕ್ಕೆ ಬಂದ ಯೂರೋಪಿನ ಕ್ರೈಸ್ತರ, ಸೈನ್ಯವನ್ನು ಮುರಿದು ಜೆರೂಸಲೇಮನ್ನು ತೆಗೆದುಕೊಂಡದ್ದು 1187ರಲ್ಲಿ. ಸರಿಸುಮಾರು ಅದೇ ಕಾಲದಲ್ಲಿ ತರ್ಸೂಸಿ ಆ ಸುಲ್ತಾನನಿಗಾಗಿ ಆಯುಧಗಳ ಬಗ್ಗೆ ಒಂದು ಗ್ರಂಥ ಬರೆದ. ಅದರ ಪ್ರತಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಮಂಜನೀಕಿನ ಅರಬ್, ತುರ್ಕಿ, ಫ್ರಾಂಕ್ ಮಾದರಿಗಳನ್ನು ವಿವರಿಸುತ್ತಾನೆ. ಅವೆಲ್ಲ ಜನ ಹಗ್ಗ ಹಿಡಿದು ಎಳೆಯುವಂಥವು. ಆಮೇಲೆ ಪರ್ಷಿಯನ್ ಮಾದರಿ ಎಂದು ಒಂದನ್ನು ತೋರಿಸುತ್ತಾನೆ. ಅದರಲ್ಲಿ ಎಳೆಯುವ ಜನರಿಲ್ಲ. ತೊಲೆಯ ಗಿಡ್ಡ ತುದಿಗೆ ಬಲೆ, ಬಲೆಯ ತುಂಬ ಕಲ್ಲು, ಅದು ಇಳಿಯಲು ನೆಲದಲ್ಲಿ ಗುಂಡಿ. ಸಾಲದೆಂಬಂತೆ ಅದಕ್ಕೇ ಒಂದು ಅಡ್ಡಬಿಲ್ಲನ್ನೂ ಜೋಡಿಸಿದ್ದಾನೆ. ಚಿತ್ರ ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಅಳತೆಗೂ ಚಿತ್ರಕ್ಕೂ ಹೊಂದಾಣಿಕೆ ಇಲ್ಲ, ಯಾವುದು ಮುಂದೆ ಯಾವುದು ಹಿಂದೆ ಎಂಬುದೇ ತಿಳಿಯುವುದಿಲ್ಲ. ನನ್ನ ಪರಿಚಯದ ಎಂಜಿನಿಯರಿಂಗ್ ಅಧ್ಯಾಪಕರೊಬ್ಬರು, "ಇದು ಬರೆದವನ ಕಲ್ಪನೆ ಮೇಷ್ಟ್ರೇ, ಕಟ್ಟಿದವನ ಅನುಭವ ಅಲ್ಲ" ಎಂದು ತೀರ್ಪು ಕೊಟ್ಟರು. ಬಲೆಯೊಳಗೆ ಕಲ್ಲುಗಳು ಒಂದಕ್ಕೊಂದು ಉಜ್ಜಿಕೊಂಡು ಶಕ್ತಿಯೆಲ್ಲ ಅಲ್ಲೇ ಕರಗುತ್ತದೆ ಎಂಬುದು ಅವರ ವಾದ. ಭಾವಮೈದನ ವಾದ ಇನ್ನೂ ಸರಳವಾಗಿತ್ತು: "ಭಾವ, ದುಡ್ಡು ಗುಂಡಿಗೆ ಹಾಕುತ್ತೀರಿ."

ದುಡ್ಡಿನ ಮಾತು ಬಂದದ್ದರಿಂದ ಅದನ್ನೇ ಮೊದಲು ಮುಗಿಸುತ್ತೇನೆ. ಹಿಂದೆ ಕಟ್ಟಿದ್ದ ಪೆಟ್ಟಿಗೆ ಯಂತ್ರಕ್ಕೆ ಎಪ್ಪತ್ತು ಸಾವಿರದ ಹತ್ತಿರ ಹೋಗಿತ್ತು. ಪೆಟ್ಟಿಗೆ ನೆಲ ಮುಟ್ಟದೆ ತೂಗಬೇಕೆಂದರೆ ಅಚ್ಚು ಎತ್ತರದಲ್ಲಿರಬೇಕು, ಅಚ್ಚು ಎತ್ತರವಾದರೆ ಕಾಲು ಉದ್ದ, ಕಾಲು ಉದ್ದವಾದರೆ ಆಸರೆ ಕಂಬ ಹೆಚ್ಚು, ಒಟ್ಟಿನಲ್ಲಿ ಮರದ ಖರ್ಚು ಬೆಳೆಯುತ್ತದೆ. ಭಾರಕ್ಕೆ ಗುಜರಿ ಕಬ್ಬಿಣ ತಂದಿದ್ದೆ, ಅದೇ ಹತ್ತು ಸಾವಿರ ದಾಟಿತ್ತು. ಬಲೆ ಯಂತ್ರಕ್ಕೆ ಎಲ್ಲ ಸೇರಿ ಮೂವತ್ತೆರಡು ಸಾವಿರ ಇರಬಹುದು. ಮರಕ್ಕೆ ಎಂಟು, ಕಬ್ಬಿಣದ ಪಟ್ಟಿ ಮತ್ತು ಲೇತ್ ಕೆಲಸಕ್ಕೆ ಆರು, ಹಗ್ಗಕ್ಕೆ ಐದು, ಗುಂಡಿ ತೋಡಿದವರ ಕೂಲಿ ನಾಲ್ಕು. ಉಳಿದದ್ದು ಹಾಳಾದ ಬಲೆಗಳು, ಟ್ರೇಲರ್ ಬಾಡಿಗೆ, ಊಟ. ಮನೆಯವರ ಲೆಕ್ಕದಲ್ಲಿ ಮೊತ್ತ ಇದಕ್ಕಿಂತ ಹೆಚ್ಚಿದೆ. ಭಾರದ ಖರ್ಚು ಮಾತ್ರ ಸೊನ್ನೆ, ಹೊಲದ ಬದುವಿನಲ್ಲಿ ಬಿದ್ದಿದ್ದ ಕಲ್ಲು.

ಕ್ರುಸೇಡ್ ಕಾಲದ ಸೈನ್ಯಗಳಿಗೂ ಇದೇ ಲೆಕ್ಕ ಇದ್ದಿರಬೇಕು ಎಂಬುದು ನನ್ನ ಬಲವಾದ ಅನಿಸಿಕೆ. ಪ್ಯಾಲೆಸ್ಟೈನಿನಲ್ಲಿ ಕಲ್ಲಿಗೆ ಬರವಿಲ್ಲ, ಒಳ್ಳೆಯ ಮರಕ್ಕೆ ಬರ. 1099ರಲ್ಲಿ ಜೆರೂಸಲೇಮಿನ ಮುಂದೆ ಕುಳಿತ ಫ್ರಾಂಕರಿಗೆ ಏಣಿ ಕಟ್ಟಲೂ ಮರ ಸಾಲದಾಯಿತು. ಯಾಫಾ ಬಂದರಿಗೆ ಬಂದ ಜಿನೋವಾದ ಹಡಗುಗಳನ್ನು ಬಿಚ್ಚಿ, ಅದರ ತೊಲೆ, ಹಗ್ಗ, ಮೊಳೆಗಳನ್ನು ಹೊತ್ತು ತಂದ ಮೇಲೆಯೇ ಮುತ್ತಿಗೆಯ ಗೋಪುರಗಳು ಎದ್ದದ್ದು, ಜುಲೈ 15ರಂದು ಕೋಟೆ ಬಿದ್ದದ್ದು. ಅಂಥ ನೆಲದಲ್ಲಿ ಖಾಲಿ ಬಲೆಯನ್ನು ಕತ್ತೆಯ ಮೇಲೆ ಹೇರಿಕೊಂಡು ಹೋಗಿ, ಹೋದಲ್ಲಿ ಕಲ್ಲು ತುಂಬಿಕೊಳ್ಳುವವನು ಜಾಣನೋ, ಹಲಗೆಯ ಪೆಟ್ಟಿಗೆ ಹೊತ್ತು ತಿರುಗುವವನು ಜಾಣನೋ?

ಇನ್ನು ಕೆಲಸಕ್ಕೆ ಬರೋಣ. ತೊಲೆ ಒಟ್ಟು ಹದಿನಾರು ಅಡಿ, ಉದ್ದ ತೋಳು ನಾಲ್ಕು ಮೀಟರ್, ಗಿಡ್ಡ ತೋಳು ಮೂರಡಿಗೆ ಸ್ವಲ್ಪ ಕಡಿಮೆ. ಅಚ್ಚು ನೆಲದಿಂದ ಎರಡೇ ಮೀಟರ್ ಮೇಲೆ. ಬಲೆಯಲ್ಲಿ ಮುನ್ನೂರು ಕಿಲೋ ಕಲ್ಲು. ಮೊದಲ ತೊಲೆ ಸರ್ವೆ ಮರದ್ದು, ನೆಟ್ಟಗಿತ್ತು, ಅಂದವಾಗಿತ್ತು, ಅಚ್ಚಿನ ತೂತಿನ ಹತ್ತಿರವೇ ಸೀಳಿತು. ಎರಡನೆಯದು ನೀಲಗಿರಿ, ಅದೂ ತೂತಿನಲ್ಲೇ ಬಿರಿಯಿತು. ಆಮೇಲೆ ತೂತು ಕೊರೆಯುವುದನ್ನೇ ಬಿಟ್ಟೆ. ಅಚ್ಚನ್ನು ತೊಲೆಯ ಅಡಿಗೆ ಇಟ್ಟು ಎರಡು ಕಬ್ಬಿಣದ ಪಟ್ಟಿಗಳಿಂದ ತಬ್ಬಿಸಿ ನಟ್ಟು ಬಿಗಿದೆ. ಪಟ್ಟಿಯ ಎರಡೂ ಬದಿಗೆ ಒಂದು ಮೊಳ ಉದ್ದಕ್ಕೆ ಹಗ್ಗವನ್ನು ಒತ್ತಾಗಿ ಸುತ್ತಿದೆ, ಅದು ಮರವನ್ನು ಹಿಡಿದ ಹಿಡಿತಕ್ಕೆ ಉಳಿ ಹೋಗುವುದಿಲ್ಲ. ಬೇರಿಂಗ್ ಹಾಕಿಲ್ಲ. ಹಳೆಯ ಎತ್ತಿನಗಾಡಿಯ ಇರುಸು, ಕೀಲೆಣ್ಣೆ, ಅಷ್ಟೇ.

ಬಲೆಯ ಕಥೆ ಇದಕ್ಕಿಂತ ದೀರ್ಘ. ತೆಂಗಿನ ನಾರಿನ ಬಲೆಯನ್ನು ಕೆಲವೇ ಎಸೆತಗಳಲ್ಲಿ ಸೈಜುಗಲ್ಲಿನ ಚೂಪು ಅಂಚುಗಳು ಕುಯ್ದು ಹಾಕಿದವು. ನೈಲಾನ್ ಬಲೆ ಹರಿಯಲಿಲ್ಲ, ಆದರೆ ಹಿಗ್ಗಿತು. ಚೀಲ ಗುಂಡಿಗೆ ಇಳಿದು ಮತ್ತೆ ಮೇಲಕ್ಕೆ ಪುಟಿಯಿತು, ಕಲ್ಲು ನಲವತ್ತು ಮೀಟರ್ ದಾಟಲಿಲ್ಲ. ಅಧ್ಯಾಪಕರು ಅಂದು ಹೊಲದಲ್ಲೇ ಇದ್ದರು. ಏನೂ ಹೇಳಲಿಲ್ಲ, ಮುಗುಳ್ನಕ್ಕರು. ಅದೇ ಹೆಚ್ಚು ಉರಿಯಿತು. ಕೊನೆಗೆ ಕೈ ಹಿಡಿದದ್ದು ಪುಂಡಿ ನಾರಿನ ಹಗ್ಗ. ಹೆಬ್ಬೆರಳು ದಪ್ಪದ್ದನ್ನು ಹೇಳಿ ಹೊಸೆಯಿಸಿದೆ. ಹೆಣೆಯುವ ಮೊದಲು ಹಗ್ಗವನ್ನು ನೆನೆಸಿ, ಭಾರ ಕಟ್ಟಿ, ಬೇವಿನ ಮರಕ್ಕೆ ಎರಡು ರಾತ್ರಿ ನೇತುಹಾಕಬೇಕು, ಹಿಗ್ಗುವುದೆಲ್ಲ ಅಲ್ಲೇ ಹಿಗ್ಗಿ ಮುಗಿಯಲಿ. ಕಣ್ಣು ಮುಷ್ಟಿಗಿಂತ ಸಣ್ಣದಿರಲಿ. ಒಳಗೆ ಹಾಕುವ ಕಲ್ಲು ಹಳ್ಳದ ದುಂಡು ಕಲ್ಲೇ ಆಗಿರಲಿ. ತುಂಬುವುದರಲ್ಲಿ ಒಂದು ಕ್ರಮವಿದೆ. ದೊಡ್ಡದು ಮೊದಲೋ ಸಣ್ಣದು ಮೊದಲೋ, ಬಾಯಿ ಹೇಗೆ ಕಟ್ಟಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಸರಿಯಾಗಿ ತುಂಬಿದರೆ ಚೀಲ ಒಂದೇ ಗಟ್ಟಿಯಾಗಿ ತೂಗುತ್ತದೆ, ಅಧ್ಯಾಪಕರು ಹೆದರಿದ ಉಜ್ಜಾಟ ಲೆಕ್ಕಕ್ಕೇ ಬರುವುದಿಲ್ಲ ಎಂದಷ್ಟೇ ಹೇಳಬಲ್ಲೆ. ಉಳಿದ ಅಲ್ಪಸ್ವಲ್ಪ ಉಜ್ಜಾಟದಿಂದ ಲಾಭವೇ ಆಗಿದೆ. ಪೆಟ್ಟಿಗೆ ಯಂತ್ರ ಎಸೆದ ಮೇಲೂ ಅರ್ಧ ನಿಮಿಷ ಒದೆಯುತ್ತಾ ಚೌಕಟ್ಟಿನ ಕೀಲು ಸಡಿಲಿಸುತ್ತದೆ. ಇದು ಎರಡು ತೂಗಿಗೆ ತಣ್ಣಗಾಗುತ್ತದೆ.

ಗುಂಡಿಯನ್ನು ಎರೆಮಣ್ಣಿನಲ್ಲಿ ತೋಡಬೇಡಿ. ಒಂದು ಮಳೆಗೆ ಗೋಡೆ ಕುಸಿದು ಕೆಸರಾಯಿತು. ಜಾಗ ಬದಲಿಸಿ ಗರಸು ನೆಲಕ್ಕೆ ಹೋದ ಮೇಲೆ ನಿಂತಿತು. ದುಂಡು ಗುಂಡಿಯೂ ಬೇಡ. ಚೀಲ ನೆಟ್ಟಗೆ ಇಳಿಯುವುದಿಲ್ಲ, ಅಚ್ಚಿನ ಮುಂದೆ ಶುರುವಾಗಿ ಹಿಂದಕ್ಕೆ ಬೀಸುತ್ತದೆ. ದುಂಡು ಗುಂಡಿಯ ಅಂಚಿಗೆ ಬಡಿದು ಒಂದು ಕಾಲನ್ನೇ ಕಿತ್ತು ಪಕ್ಕಕ್ಕಿಟ್ಟಿತು. ಎಸೆತದ ದಿಕ್ಕಿಗೆ ಉದ್ದವಾಗಿ ಆರಡಿ, ಅಗಲ ಮೂರಡಿ, ಆಳ ಎರಡೂವರೆ ಅಡಿ ಸಾಕು. ಗುಂಡಿ ಬಂದರೆ ಕವಣೆ ಹಾಸುವ ದೋಣಿಗೆ (ಕಲ್ಲು ಜಾರುವ ತಗ್ಗಿಗೆ) ಜಾಗ ಕಡಿಮೆಯಾಗುತ್ತದೆ, ಕವಣೆಯನ್ನು ಒಂದೂವರೆ ಅಡಿಯಷ್ಟು ಮೋಟು ಮಾಡಬೇಕಾಗುತ್ತದೆ. ಇದರಿಂದ ದೂರ ಸ್ವಲ್ಪ ಕೈಬಿಡುತ್ತದೆ ನಿಜ. ಕೊಕ್ಕೆಯ ಬಾಗಿನಲ್ಲಿ ಅದನ್ನು ಬಹುಪಾಲು ಮರಳಿ ಪಡೆದಿದ್ದೇನೆ. ಬಾಗು ಎಷ್ಟು ಎಂದು ಮಾತ್ರ ಕೇಳಬೇಡಿ, ಅದಕ್ಕೆ ಒಂದು ಬೇಸಿಗೆಯೇ ಹೋಗಿದೆ.

ಇಬ್ಬರು ಹಗ್ಗ ಹಿಡಿದರೆ ತೊಲೆ ಕೆಳಗಿಳಿಯುತ್ತದೆ. ಟ್ರ್ಯಾಕ್ಟರಿನ ಕೊಂಡಿಯನ್ನೇ ತಿದ್ದಿ ಬಿಡುಗೊಕ್ಕೆ ಮಾಡಿದ್ದೇನೆ. ಎಳೆದಾಗ ಮೊದಲು ಕೇಳುವುದು ಚೀಲದೊಳಗಿನ ಒಂದೇ ಒಂದು ಗರ್ ಸದ್ದು. ಅಷ್ಟರಲ್ಲಿ ತೊಲೆಯ ತುದಿ ತಲೆಯ ಮೇಲಿರುತ್ತದೆ, ಕವಣೆಯ ಒಂದು ಎಳೆ ಕೊಕ್ಕೆಯಿಂದ ಜಾರಿ ಚಾಟಿಯ ಸದ್ದು ಮಾಡುತ್ತದೆ, ಗುಂಡಿಯಿಂದ ಕೆಂಪು ಧೂಳು ಏಳುತ್ತದೆ. ಕಲ್ಲು ಎಲ್ಲಿ ಎಂದು ಹುಡುಕುವವರು ಸಾಮಾನ್ಯವಾಗಿ ತಪ್ಪು ಎತ್ತರದಲ್ಲಿ ಹುಡುಕುತ್ತಾರೆ, ಅದು ಇನ್ನೂ ಮೇಲಿರುತ್ತದೆ. ಹಿಂದುಗಡೆಯೂ ಯಾರೂ ನಿಲ್ಲಬಾರದು. ಕವಣೆ ಬೇಗ ಬಿಟ್ಟುಕೊಂಡರೆ ಕಲ್ಲು ಹಿಂದಕ್ಕೂ ಬರುತ್ತದೆ, ನಮ್ಮ ಪಂಪ್‌ಸೆಟ್ ಮನೆಯ ಹೆಂಚು ಅದಕ್ಕೆ ಸಾಕ್ಷಿ.

ನಡುವೆ ಒಂದೆರಡು ಅಡ್ಡದಾರಿ ಹಿಡಿದೆ. 1147ರಲ್ಲಿ ಎರಡನೆಯ ಕ್ರುಸೇಡಿಗೆ ಹೊರಟ ಇಂಗ್ಲಿಷ್ ಮತ್ತು ನಾರ್ಮನ್ ಜನ ದಾರಿಯಲ್ಲಿ ಲಿಸ್ಬನ್ ನಗರವನ್ನು ಮುತ್ತಿದರು. ಅಲ್ಲಿ ಎರಡು ಎಳೆಯುವ ಯಂತ್ರಗಳಿಂದ, ನೂರು ನೂರು ಜನ ಸರದಿಯಲ್ಲಿ ಎಳೆದು, ಹತ್ತು ಗಂಟೆಯಲ್ಲಿ ಐದು ಸಾವಿರ ಕಲ್ಲು ಎಸೆದರು ಎಂದು ಅಲ್ಲಿದ್ದವನೇ ಬರೆದಿದ್ದಾನೆ. ಲೆಕ್ಕ ಹಾಕಿದರೆ ಒಂದೊಂದು ಯಂತ್ರಕ್ಕೆ ನಿಮಿಷಕ್ಕೆ ನಾಲ್ಕು ಕಲ್ಲು. ಬಡಾಯಿ ಎಂದುಕೊಂಡು ಬಲೆ ಬಿಚ್ಚಿ, ಅದೇ ತೊಲೆಗೆ ಹಗ್ಗಗಳನ್ನು ಕಟ್ಟಿ, ಊರಿನ ವಾಲಿಬಾಲ್ ಹುಡುಗರನ್ನು ನಿಲ್ಲಿಸಿದೆ. ಒಂದು ಕಿಲೋ ಕಲ್ಲು ನಲವತ್ತು ಮೀಟರಿಗೆ ಹೋಯಿತು. ನಿಮಿಷಕ್ಕೆ ನಾಲ್ಕು ಕಷ್ಟವೇ ಆಗಲಿಲ್ಲ. ಹತ್ತು ನಿಮಿಷದ ಮೇಲೆ ಅಂಗೈ ಬೊಬ್ಬೆಯೆದ್ದು ಹುಡುಗರು ಕುಳಿತುಬಿಟ್ಟರು, ಸರದಿ ಯಾಕೆ ಬೇಕಾಯಿತೆಂದು ಗೊತ್ತಾಯಿತು. ನನ್ನ ಬಲೆ ಯಂತ್ರಕ್ಕೆ ಒಂದು ಎಸೆತಕ್ಕೆ ಮೂರು ನಾಲ್ಕು ನಿಮಿಷ ಬೇಕು. ಗೋಡೆಯ ಮೇಲಿನ ಬಿಲ್ಲುಗಾರರ ತಲೆ ಎತ್ತಿಸದಿರಲು ಎಳೆಯುವ ಯಂತ್ರ, ಗೋಡೆಗೇ ಕೈ ಹಾಕಲು ಭಾರದ ಯಂತ್ರ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡದ್ದರಲ್ಲಿ ಅರ್ಥವಿದೆ.

ಇನ್ನೊಂದು ಪ್ರಯೋಗ ಕಲ್ಲಿನದು. 1191ರಲ್ಲಿ ಪ್ಯಾಲೆಸ್ಟೈನ್ ಕರಾವಳಿಯ ಆಕ್ರೆ ಪಟ್ಟಣದ ಮುತ್ತಿಗೆಗೆ ಇಂಗ್ಲೆಂಡಿನ ರಿಚರ್ಡ್ ದೊರೆ ಸಿಸಿಲಿಯ ಮೆಸ್ಸಿನಾದಿಂದ ಗಟ್ಟಿ ಕಲ್ಲುಗಳನ್ನು ಹಡಗಿನಲ್ಲಿ ತಂದಿದ್ದನಂತೆ. ಅಂಥ ಒಂದೇ ಕಲ್ಲು ಹನ್ನೆರಡು ಜನರನ್ನು ಕೊಂದಿತೆಂದು, ಅದನ್ನು ಸಲಾದೀನನಿಗೆ ತೋರಿಸಲು ಒಯ್ದರೆಂದು ರಿಚರ್ಡನ ಕಡೆಯವರು ಬರೆದಿದ್ದಾರೆ. ಹನ್ನೆರಡನ್ನು ನಾನು ನಂಬುವುದಿಲ್ಲ. ಕಲ್ಲು ತಂದದ್ದನ್ನು ನಂಬುತ್ತೇನೆ. ಮಲೆನಾಡಿನ ನೆಂಟರಿಂದ ಜಂಬಿಟ್ಟಿಗೆ ತರಿಸಿ ಹಳೆಯ ಕಲ್ಲುಗೋಡೆಗೆ ಎಸೆದೆ, ಬಡಿದ ಕೂಡಲೇ ಪುಡಿಯಾಯಿತು, ಗೋಡೆಗೆ ಕೆಂಪು ಬಣ್ಣ ಬಳಿದದ್ದಷ್ಟೇ ಲಾಭ. ಕರಿಗಲ್ಲು ಗೋಡೆಯ ಮೂಲೆಯನ್ನೇ ಕೆಡವಿತು. ಇನ್ನೊಂದು ಗುಟ್ಟನ್ನು ಧಾರಾಳವಾಗಿ ಕೊಡುತ್ತೇನೆ. ಹೊಲದ ಕಲ್ಲು ಒಂದೊಂದು ಒಂದೊಂದು ತೂಕ, ಅದಕ್ಕೇ ಬೀಳುವ ಜಾಗ ಹದಿನೈದು ಇಪ್ಪತ್ತು ಮೀಟರ್ ಚದುರುತ್ತದೆ. ಒಂದೇ ಅಚ್ಚಿನಲ್ಲಿ ಸಿಮೆಂಟ್ ಉಂಡೆ ಎರಕ ಹೊಯ್ದ ಮೇಲೆ ಐದಾರು ಮೀಟರಿನೊಳಗೆ ಬೀಳುತ್ತಿವೆ. ಇದನ್ನು ಕಂಡ ಮೇಲೆ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಕರೆತರುವುದಾಗಿ ಹೇಳಿದ್ದಾರೆ.

ಅದೇ ಆಕ್ರೆಯಲ್ಲಿ ಫ್ರಾನ್ಸಿನ ಫಿಲಿಪ್ ದೊರೆಯ ದೊಡ್ಡ ಯಂತ್ರಕ್ಕೆ ‘ಕೆಟ್ಟ ನೆರೆಯವ’ ಎಂದೂ, ಅದಕ್ಕೆ ಎದುರಾಗಿ ಪಟ್ಟಣದ ಒಳಗಿನಿಂದ ಎಸೆಯುತ್ತಿದ್ದ ಯಂತ್ರಕ್ಕೆ ‘ಕೆಟ್ಟ ನೆಂಟ’ ಎಂದೂ ಹೆಸರಿತ್ತು. ನೆಂಟ ನೆರೆಯವನನ್ನು ಮತ್ತೆ ಮತ್ತೆ ಮುರಿದು ಹಾಕುತ್ತಿದ್ದ, ಫಿಲಿಪ್ ಮತ್ತೆ ಮತ್ತೆ ಕಟ್ಟಿಸುತ್ತಿದ್ದ. ಆ ಖರ್ಚಿನ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ಯಂತ್ರಕ್ಕೂ ‘ಕೆಟ್ಟ ನೆಂಟ’ ಎಂದೇ ಹೆಸರಿಟ್ಟಿದ್ದೇನೆ. ಯಾರನ್ನು ಕುರಿತು ಎಂದು ಭಾವಮೈದ ಇನ್ನೂ ಕೇಳಿಲ್ಲ.

ಈಗ ಹಿಡಿದಿರುವ ಕೆಲಸ ಸಾಗಣೆಯದು. 1291ರಲ್ಲಿ ಈಜಿಪ್ಟಿನ ಮಾಮ್ಲೂಕ್ ಸುಲ್ತಾನ್ ಅಲ್-ಅಶ್ರಫ್ ಖಲೀಲ್ ಆಕ್ರೆಯನ್ನು ಕೊನೆಯ ಬಾರಿಗೆ ಮುತ್ತಿದಾಗ, ‘ಮನ್ಸೂರಿ’ ಎಂಬ ಮಂಜನೀಕನ್ನು ಬಿಚ್ಚಿ, ಸಿರಿಯಾದ ಹಿಸ್ನ್ ಅಲ್-ಅಕ್ರಾದ್ ಕೋಟೆಯಿಂದ ಸುಮಾರು ನೂರು ಗಾಡಿಗಳಲ್ಲಿ ಸಾಗಿಸಿದರು. ಒಂದು ಗಾಡಿಯ ಹೊಣೆ ಹೊತ್ತಿದ್ದ ಅಬುಲ್ ಫಿದಾ ಮುಂದೆ ಇತಿಹಾಸಕಾರನಾಗಿ ಇದನ್ನು ಬರೆದಿಟ್ಟ. ಮಳೆ, ಹಿಮ, ಚಳಿ. ಎತ್ತುಗಳು ಎಳೆಯಲಾರದೆ ಸತ್ತವು. ಕುದುರೆಯ ಮೇಲೆ ಎಂಟು ದಿನದ ದಾರಿಗೆ ಒಂದು ತಿಂಗಳು ಹಿಡಿಯಿತು. ಮೇ 18ರಂದು ಪಟ್ಟಣ ಬಿತ್ತು. ನನ್ನ ಯಂತ್ರ ಬಿಚ್ಚಿದರೆ ಒಂದೇ ಟ್ರೇಲರಿನಲ್ಲಿ ಹಿಡಿಸುತ್ತದೆ, ನಾಲ್ಕು ಜನ ಸೇರಿದರೆ ಗುಂಡಿ ಬಿಟ್ಟು ಮೂರು ಗಂಟೆಯಲ್ಲಿ ನಿಲ್ಲಿಸಬಹುದು. ಭಾರ ಹೊರುವ ಗೋಜಿಲ್ಲ. ಹೋದ ಊರಿನಲ್ಲಿ ಹಳ್ಳವಿದ್ದರೆ ಸಾಕು. ಹಬ್ಬ ಕಳೆದ ಮೇಲೆ ಎರಡು ಊರುಗಳಿಂದ ಕರೆ ಬಂದಿದೆ. ಟ್ರೇಲರ್ ಬಾಡಿಗೆ, ಗುಂಡಿಯ ಕೂಲಿ ಕರೆದವರದ್ದು, ಗರಸು ನೆಲ ತೋರಿಸುವುದೂ ಅವರದ್ದೇ. ಬಲೆ ತುಂಬುವಾಗ ಮಾತ್ರ ನಾನೊಬ್ಬನೇ ಇರುತ್ತೇನೆ.